ಅಳಿವೆಯ ಕೆಸರು, ಅಗ್ರಹಾರದ ಕುಂಕುಮ

ರುದ್ರಸ್ವಾಮಿಯವರ ಕೆಲಸ ಏನು ಎಂದು ಅವರ ಓಣಿಯವರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಅಗ್ರಹಾರದ ಆ ಇಕ್ಕಟ್ಟು ಬೀದಿಯಲ್ಲಿ ಕೆಲವರಿಗೆ ಅವರು ವಿಜ್ಞಾನಿ, ಕೆಲವರಿಗೆ ಜವಾನ. ಎರಡೂ ಅಲ್ಲ. ಅವರು ಸಮುದ್ರದ ಕೆಸರನ್ನು ಒಣಗಿಸಿ, ಅರೆದು, ಜರಡಿ ಹಿಡಿಯುವವರು. ಸಮುದ್ರವೇ ಇಲ್ಲದ ಮೈಸೂರಿನಲ್ಲಿ ಕೂತು ಸಮುದ್ರದ ಕೆಸರು ಅರೆಯುತ್ತೇನೆ ಎಂದರೆ ಜನ ನಕ್ಕುಬಿಟ್ಟಾರು ಎಂದು ಅವರೇ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ನಾನು ಅದೇ ಪ್ರಯೋಗಾಲಯದಲ್ಲಿ ಉಗ್ರಾಣ ನೋಡಿಕೊಳ್ಳುವವನು. ಹೆಸರು ವಿಜಯ್‌ಕುಮಾರ್, ಮನೆ ಚಾಮರಾಜಪುರಂ. ಗಾಜಿನ ಸಾಮಾನು, ಆಸಿಡ್ಡು, ಕೈಗವಸು ಇವನ್ನು ಕೊಡುವುದು, ಕೊಡುವಾಗ ಬೈಯುವುದು ನನ್ನ ಕೆಲಸ. ವಿಜಯನಗರದ ಕೊನೆಯ ಹಂತದಲ್ಲಿ, ಖಾಲಿ ಸೈಟುಗಳ ನಡುವೆ ಇರುವ ನಮ್ಮದು ಖಾಸಗಿ ಸಂಸ್ಥೆ. ಕರಾವಳಿಯ ಅಳಿವೆಗಳಿಂದ, ಅಂದರೆ ಹೊಳೆಗಳು ಕಡಲಿಗೆ ಸೇರುವ ಜಾಗಗಳಿಂದ, ತಳದ ಕೆಸರು ಚೀಲಗಳಲ್ಲಿ ನಮ್ಮಲ್ಲಿಗೆ ಬರುತ್ತದೆ. ಅದರಲ್ಲಿ ವಿಕಿರಣ ಎಷ್ಟಿದೆ, ಸೀಸ, ಕ್ಯಾಡ್ಮಿಯಂ, ಕ್ರೋಮಿಯಂನಂಥ ಭಾರಲೋಹ ಎಷ್ಟಿದೆ ಎಂದು ನೋಡಿ ಹೇಳಬೇಕು. ಕಾರ್ಖಾನೆಯ ನೀರು, ದೋಣಿಯ ಬಣ್ಣ, ಊರಿನ ಚರಂಡಿ ಎಲ್ಲವೂ ಹರಿದು ಹೋಗಿ ಕೊನೆಗೆ ಕೂರುವುದು ಆ ಕೆಸರಿನಲ್ಲೇ.

ಕೆಸರು ಬಂದ ದಿನ ಕಟ್ಟಡವೆಲ್ಲ ಮೀನಿನ ವಾಸನೆ. ಮಠದ ದಾಸೋಹದ ಅಡುಗೆಮನೆಯಲ್ಲಿ ಬೆಳೆದ, ಮೊಟ್ಟೆಯನ್ನೂ ಮುಟ್ಟದ ರುದ್ರಸ್ವಾಮಿ ಹಣೆಯ ತುಂಬ ವಿಭೂತಿ ಬಳಿದುಕೊಂಡು ಆ ವಾಸನೆಯ ನಡುವೆ ಕೂತು ಚಿಪ್ಪು ಆರಿಸುತ್ತಿದ್ದುದನ್ನು ನೋಡಿ ನಾನು ರೇಗಿಸುತ್ತಿದ್ದೆ. ಅವರು ತಲೆ ಎತ್ತದೆ ನಗುತ್ತಿದ್ದರು. ಓವನ್ನಿನಲ್ಲಿ ಒಣಗಿಸಿ, ಒರಳಿನಲ್ಲಿ ನುಣ್ಣಗೆ ಅರೆದು, ಜರಡಿ ಹಿಡಿದು, ದುಂಡು ಡಬ್ಬಿಗಳಿಗೆ ತುಂಬಿ, ಗಾಳಿಯಾಡದಂತೆ ಟೇಪು ಸುತ್ತಿಡುವುದು ಅವರ ಪಾಲು. ಡಬ್ಬಿ ಒಂದು ತಿಂಗಳು ಹಾಗೇ ಕೂರಬೇಕು, ಆಮೇಲೆ ವಿಕಿರಣ ಅಳೆಯುವ ಯಂತ್ರಕ್ಕೆ ಹೋಗುತ್ತದೆ. ಆ ಯಂತ್ರದ ಸುತ್ತ ಸೀಸದ ಇಟ್ಟಿಗೆಗಳ ಗೋಡೆ. ಹೊರಗಿನ ವಿಕಿರಣ ಒಳಗೆ ಬಾರದಂತೆ ಸೀಸ ತಡೆಯುತ್ತದೆ ಎಂದು ಯಾರೋ ಹೇಳಿದ್ದರಿಂದ ರುದ್ರಸ್ವಾಮಿಗೆ ಆ ಲೋಹದ ಮೇಲೆ ಬಹಳ ಗೌರವವಿತ್ತು.

ಒಮ್ಮೆ ಗೌತಮಿ ಅವರನ್ನು ಕರಾವಳಿಗೆ ಕರೆದುಕೊಂಡು ಹೋಗಿದ್ದಳು. ಗೌತಮಿ ನಮ್ಮಲ್ಲಿಯ ಸಂಶೋಧಕಿ, ಅಶೋಕಪುರಂನ ಹುಡುಗಿ. ಮನೆಯವರು ಬುದ್ಧನ ಪಟಕ್ಕೆ ಕೈಮುಗಿಯುವವರು, ಇವಳು ಯಂತ್ರದ ಮುಂದೆ ಕೂತರೆ ಊಟ ಮರೆಯುವವಳು. ದೋಣಿ ಹತ್ತಿದ ಸ್ವಲ್ಪ ಹೊತ್ತಿಗೇ ರುದ್ರಸ್ವಾಮಿಗೆ ಹೊಟ್ಟೆ ತೊಳಸಿ, ವಾಪಸು ಬರುವವರೆಗೂ ಅವರು ದೋಣಿಯ ಅಂಚು ಹಿಡಿದುಕೊಂಡೇ ಇದ್ದರಂತೆ. ಅಲ್ಲಿ ಹೆಂಗಸರು ಸೊಂಟದ ಮಟ್ಟ ನೀರಲ್ಲಿ ನಿಂತು ಕಾಲಿನಿಂದಲೇ ಚಿಪ್ಪುಮೀನು ತಡಕಿ ತೆಗೆಯುತ್ತಿದ್ದರು. ಸೀಸ ಜಾಸ್ತಿಯಾದ ಕೆಸರಿನಲ್ಲಿ ಚಿಪ್ಪಿನ ಮರಿಗಳು ನಿಲ್ಲುವುದಿಲ್ಲ, ಮೊಟ್ಟೆಯಲ್ಲೇ ಹಾಳಾಗುತ್ತವೆ ಎಂದು ಗೌತಮಿ ಅವರಿಗೆ ಹೇಳಿದ್ದಳು. ಮೈಸೂರಿಗೆ ಬಂದ ಮೇಲೆ ಅವರು ಸಮುದ್ರದ ಬಗ್ಗೆ ಹೆಚ್ಚೇನೂ ಹೇಳಲಿಲ್ಲ, ಆ ಮರಿಗಳ ವಿಷಯ ಮಾತ್ರ ನನಗೆ ಎರಡು ಸಲ ಹೇಳಿದರು.

ಅದಕ್ಕೆ ಕಾರಣ ಅವರ ಮನೆಯಲ್ಲೇ ಇತ್ತು. ಹೆಂಡತಿ ದಾಕ್ಷಾಯಣಮ್ಮ ಮೂರು ಸಲ ಬಸಿರಾಗಿ ಮೂರು ಸಲವೂ ಕೂಸು ಉಳಿದಿರಲಿಲ್ಲ. ಎರಡು ಹೊಟ್ಟೆಯಲ್ಲೇ ಹೋದವು. ಮೂರನೆಯದು ಗಂಡು, ಹುಟ್ಟಿ ಅಳಲಿಲ್ಲ. ಅತ್ತೆ ಬದುಕಿರುವವರೆಗೂ ಸೊಸೆಯನ್ನು ಪಾಪಿಯೆಂದೇ ಕರೆದರು. ಓಣಿಯಲ್ಲಿ ತೊಟ್ಟಿಲು ಕಟ್ಟಿದರೆ ಇವರಿಗೆ ಕರೆ ಇರುತ್ತಿರಲಿಲ್ಲ, ಸೀಮಂತಕ್ಕಂತೂ ಕೇಳಲೇಬೇಡಿ. ದಾಕ್ಷಾಯಣಮ್ಮನೂ ಅದನ್ನು ನಂಬಿಬಿಟ್ಟಿದ್ದರು. ಚಿಕ್ಕಂದಿನಲ್ಲಿ ಹಬ್ಬಕ್ಕೆ ಮನೆಗೆ ಸುಣ್ಣ ಬಳಿಯುವಾಗ ಸೂರಿನಲ್ಲಿದ್ದ ಅಳಿಲಿನ ಗೂಡನ್ನು ಪೊರಕೆಯಿಂದ ಕೆಡವಿದ್ದರಂತೆ. ಒಳಗೆ ಕಣ್ಣುಬಿಡದ ಮರಿಗಳಿದ್ದವಂತೆ. ಅದೇ ಶಾಪ ಎಂದು ಸೋಮವಾರ ಸೋಮವಾರ ಒಪ್ಪತ್ತು ಇದ್ದು, ಕಂಡ ದೇವರಿಗೆಲ್ಲ ಅಡ್ಡಬಿದ್ದು, ಮೂವತ್ತು ವರ್ಷ ಕಳೆದರು. ಆ ಮಾತನ್ನು ಹೆಂಡತಿಯ ತಲೆಯಿಂದ ಹೇಗಾದರೂ ತೆಗೆಯಬೇಕು ಎನ್ನುವುದು ರುದ್ರಸ್ವಾಮಿಯವರ ಜೀವನದ ಒಂದೇ ಆಸೆ. ಸ್ವಾಮೀಜಿಗಳಿಂದ ಹೇಳಿಸಿದರು, ಡಾಕ್ಟರಿಂದ ಹೇಳಿಸಿದರು, ಕೊನೆಗೆ ನನ್ನಂಥ ನಾಸ್ತಿಕನಿಂದಲೂ ಹೇಳಿಸಿದರು. ನಮ್ಮ ಮಾತನ್ನೆಲ್ಲ ಆಕೆ ಸಮಾಧಾನದಿಂದ ಕೇಳಿ, ಕಾಫಿ ಕೊಟ್ಟು ಕಳಿಸುತ್ತಿದ್ದರು.

ದಾಕ್ಷಾಯಣಮ್ಮ ಮನೆಯಲ್ಲೇ ಕೂತು ಕುಂಕುಮದ ಪೊಟ್ಟಣ ಕಟ್ಟುತ್ತಿದ್ದರು. ಪೇಟೆಯ ಸಗಟು ಅಂಗಡಿಯೊಂದರಿಂದ ಮೂಟೆಯಲ್ಲಿ ಕುಂಕುಮ ಬರುತ್ತಿತ್ತು, ಅದನ್ನು ಚಿಕ್ಕ ಚಿಕ್ಕ ಪೊಟ್ಟಣ ಮಾಡಿಕೊಡಬೇಕು. ಅತ್ತೆಯ ಕಾಲದಿಂದ ಬಂದ ಕೆಲಸ. ಆಗ ಅರಿಶಿನಕ್ಕೆ ಸುಣ್ಣ ಸೇರಿಸಿ ಮಾಡಿದ ಮಂಕು ಕೆಂಪಿನ ಕುಂಕುಮ ಬರುತ್ತಿತ್ತಂತೆ, ದಾಕ್ಷಾಯಣಮ್ಮ ಮದುವೆಯಾಗಿ ಬರುವ ಹೊತ್ತಿಗೆ ಅದು ಕಣ್ಣಿಗೆ ಹೊಡೆಯುವ ಕೆಂಪಾಗಿತ್ತು, ಕೈಗೆ ಭಾರವೂ ಆಗಿತ್ತು. ಒಳ್ಳೆಯ ಮಾಲು ಎಂದು ಎಲ್ಲರೂ ಮೆಚ್ಚಿಕೊಂಡರು. ಪೊಟ್ಟಣ ಮಡಿಸುವಾಗ ಪ್ರತಿಯೊಂದಕ್ಕೂ, ಹಚ್ಚಿಕೊಂಡವರ ಮಡಿಲು ತುಂಬಲಿ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದರು. ಕರೆಯದ ಮನೆಗಳ ಶುಭಕಾರ್ಯಗಳಿಗೂ ಕುಂಕುಮ ಇವರ ಕೈಯಿಂದಲೇ ಹೋಗುತ್ತಿತ್ತು.

ಕೆಲವು ವರ್ಷಗಳಿಂದ ಅವರ ಬಲಗೈ ಮಣಿಕಟ್ಟು ಜೋತುಬಿದ್ದಿತ್ತು. ಮುದ್ದೆ ತೊಳಸುವುದಿರಲಿ, ಲೋಟ ಎತ್ತುವುದೇ ಕಷ್ಟ, ಪೊಟ್ಟಣ ಮಾತ್ರ ಎಡಗೈಯಲ್ಲೇ ಹೇಗೋ ಮಡಿಸುತ್ತಿದ್ದರು. ನರದ ದೌರ್ಬಲ್ಯ ಎಂದು ಮಾತ್ರೆ ನಡೆಯುತ್ತಿತ್ತು. ಬೆಳಿಗ್ಗೆ ರುದ್ರಸ್ವಾಮಿಯೇ ಹೆಂಡತಿಯ ತಲೆ ಬಾಚಿ ಜಡೆ ಹಾಕಿ ಕೆಲಸಕ್ಕೆ ಬರುತ್ತಿದ್ದರು. ಜಡೆ ಸೊಟ್ಟಗಿರುತ್ತಿತ್ತು ಎಂದು ಆಕೆಯೇ ನನ್ನ ಹತ್ತಿರ ದೂರು ಹೇಳಿ ನಗುತ್ತಿದ್ದರು. ಅವರಿಬ್ಬರ ನಡುವೆ ಇದ್ದ ಪ್ರೀತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈಗ ಆಯುಧಪೂಜೆಯ ವಿಷಯಕ್ಕೆ ಬರುತ್ತೇನೆ. ದಸರೆಯಲ್ಲಿ ಮೈಸೂರಿನವರು ಸೈಕಲ್ಲಿನಿಂದ ಹಿಡಿದು ಕಂಪ್ಯೂಟರ್‌ವರೆಗೆ ಯಾವುದನ್ನೂ ಪೂಜೆ ಮಾಡದೆ ಬಿಡುವುದಿಲ್ಲ. ಪ್ರಯೋಗಾಲಯವೂ ಹೊರತಲ್ಲ. ನಮ್ಮ ನಿರ್ದೇಶಕ ಮೃತ್ಯುಂಜಯ ಅವರು ವಿದೇಶದಲ್ಲಿ ಓದಿ ಬಂದವರಾದರೂ ಅವತ್ತು ಪಂಚೆ ಉಟ್ಟು, ಮನೆಮಂದಿಯನ್ನೆಲ್ಲ ಕರೆತರುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಗೊಣಗುತ್ತಿದ್ದೆ, ಪುರಿ ಕಡಲೆ ಹಂಚುವಾಗ ಮಾತ್ರ ಮುಂದೆ ಬರುತ್ತಿದ್ದೆ. ಪೂಜೆಯ ಯಜಮಾನಿಕೆ ರುದ್ರಸ್ವಾಮಿಯದು. ಓವನ್ನಿಗೆ, ತಕ್ಕಡಿಗೆ, ಒರಳಿಗೆ, ಜರಡಿಗಳಿಗೆ, ಸೀಸದ ಗೋಡೆಗೂ ಮೂರು ಬೆರಳ ವಿಭೂತಿ, ನಡುವೆ ಒದ್ದೆ ಬೆರಳಿನಿಂದ ಇಟ್ಟ ಕುಂಕುಮ. ಕುಂಕುಮ ದಾಕ್ಷಾಯಣಮ್ಮ ಬೆಳ್ಳಿ ಬಟ್ಟಲಲ್ಲಿ ಕೊಟ್ಟು ಕಳಿಸಿದ್ದು.

ಹಬ್ಬ ಮುಗಿದ ಮೇಲೆ ಅವರು ಎಲ್ಲವನ್ನೂ ತೊಳೆದರು. ಆದರೆ ಹಳಬರು ಒಂದು ಶಾಸ್ತ್ರ ಪಾಲಿಸುತ್ತಾರಲ್ಲ, ಇಟ್ಟ ಕುಂಕುಮವನ್ನು ಕೈಯಾರೆ ಒರೆಸಬಾರದು, ಅದು ತಾನಾಗಿ ಹೋಗಬೇಕು ಎಂದು. ಒರೆಸುವುದು ಯಾವಾಗ ಎಂದು ಎಲ್ಲರಿಗೂ ಗೊತ್ತಿದೆ, ಆ ಮಾತನ್ನು ಯಾರೂ ಬಾಯಲ್ಲಿ ಆಡುವುದಿಲ್ಲ. ಅದರಲ್ಲೂ ಹೆಂಡತಿ ಕೊಟ್ಟ ಕುಂಕುಮ. ರುದ್ರಸ್ವಾಮಿ ಬೊಟ್ಟುಗಳನ್ನು ತಪ್ಪಿಸಿ, ಸುತ್ತಮುತ್ತ ಮಾತ್ರ ಜೋಪಾನವಾಗಿ ತೊಳೆದು, ಜರಡಿಯನ್ನು ಒಣಗಿಸಿಟ್ಟರು. ಪ್ರತಿವರ್ಷ ಹಾಗೇ ಮಾಡುತ್ತಿದ್ದರಂತೆ, ಆದರೆ ಹಬ್ಬವಾದ ಮೇಲೆ ವಾರವಿಡೀ ಕೆಲಸ ಇರುತ್ತಿರಲಿಲ್ಲ, ಅಷ್ಟರಲ್ಲಿ ಬೊಟ್ಟು ಉದುರಿರುತ್ತಿತ್ತು. ಆ ವರ್ಷ ಹಾಗಾಗಲಿಲ್ಲ. ಅವರು ದೋಣಿ ಹತ್ತಿದ್ದ ಆ ಅಳಿವೆಯ ಕೆಸರು ಅರ್ಧ ಅರೆದು ಅರ್ಧ ಉಳಿದಿತ್ತು, ವರದಿ ಕೇಳಿದವರು ಅವಸರ ಮಾಡುತ್ತಿದ್ದರು, ವಿಜಯದಶಮಿಯ ಮರುದಿನವೇ ಜರಡಿ ಆಡಿತು.

ಫಲಿತಾಂಶ ಬಂದಾಗ ಮೃತ್ಯುಂಜಯ ಅವರ ಕೋಣೆಯಲ್ಲಿ ಸಂಭ್ರಮವೋ ಗಾಬರಿಯೋ ತಿಳಿಯದ ಓಡಾಟ. ವಿಕಿರಣ ಆ ಕಡೆಯ ಮರಳಿನಲ್ಲಿ ಎಂದೂ ಇರುವಷ್ಟೇ ಇತ್ತು. ಸೀಸ ಮಾತ್ರ ಎಲ್ಲೋ ಮೇಲೆ ಹೋಗಿ ಕೂತಿತ್ತು. ಈ ವರದಿ ಹೊರಗೆ ಬಂದರೆ ಆ ಊರಿನ ಚಿಪ್ಪುಮೀನನ್ನು ಯಾರೂ ಮೂಸಿಯೂ ನೋಡುವುದಿಲ್ಲ. ನೀರಲ್ಲಿ ನಿಂತಿದ್ದ ಆ ಹೆಂಗಸರ ಹೊಟ್ಟೆಪಾಡು ಏನಾಗಬೇಕು ಎಂದು ರುದ್ರಸ್ವಾಮಿ ಮುಖ ಇಳಿಬಿಟ್ಟುಕೊಂಡು ಓಡಾಡಿದರು.

ಗೌತಮಿಗೆ ಅನುಮಾನ. ಕೊಳೆ ಬಂದರೆ ಸತು, ತಾಮ್ರ ಎಲ್ಲ ಜೊತೆಗೂಡಿ ಏರಬೇಕು, ಇಲ್ಲಿ ಸೀಸ ಒಂದೇ ಏರಿತ್ತು. ಹಬ್ಬಕ್ಕೆ ಮುಂಚೆ ಅರೆದ ಅರ್ಧವನ್ನು ನೋಡಿದಳು, ಅದರಲ್ಲಿ ಸೀಸ ಅಷ್ಟಿರಲಿಲ್ಲ. ಹಬ್ಬ ಆದ ಮೇಲೆ ಏನು ಬದಲಾಯಿತು ಎಂದು ರುದ್ರಸ್ವಾಮಿಯನ್ನು ಕೇಳಿದಳು. ಏನೂ ಇಲ್ಲ ಎಂದರು, ಅವರ ಮಟ್ಟಿಗೆ ಅದು ನಿಜವೇ. ಕೊನೆಗೆ ಅವಳು ಜರಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಬಲೆ ಅಂಚಿಗೆ ಸೇರುವ ಸಂದಿಯಲ್ಲಿ ಕೆಂಪು ಕಂಡಿತು. ಈ ಕುಂಕುಮ ಯಾವ ಅಂಗಡಿಯದು ಎಂದು ಕೇಳಿದಳು. ನಮ್ಮ ಮನೆಯದೇ ಎಂದು ರುದ್ರಸ್ವಾಮಿ ಹೆಮ್ಮೆಯಿಂದಲೇ ಹೇಳಿ, ಮರುದಿನ ತಾವೇ ಒಂದು ಪೊಟ್ಟಣ ತಂದುಕೊಟ್ಟರು.

ಆ ಪೊಟ್ಟಣದ ಚಿಟಿಕೆಯನ್ನು ಲೋಹ ಅಳೆಯುವ ಯಂತ್ರಕ್ಕೆ ಕೊಟ್ಟಾಗ ಅದು ಅಳೆಯುವ ಮಿತಿಯನ್ನೇ ದಾಟಿತು. ಮಾಲು ತಯಾರಿಸಿದವರು ಬಣ್ಣಕ್ಕೂ ತೂಕಕ್ಕೂ ಕೆಂಪು ಸೀಸದ ಪುಡಿ ಬೆರೆಸಿದ್ದರು. ವರದಿ ಇನ್ನೂ ಮೃತ್ಯುಂಜಯ ಅವರ ಮೇಜಿನ ಮೇಲೇ ಇದ್ದುದರಿಂದ ಅಳಿವೆಯ ಊರು ಬಚಾವಾಯಿತು. ಎಲ್ಲರಿಗೂ ಎಷ್ಟು ನಿರಾಳವಾಯಿತೆಂದರೆ, ಅವತ್ತು ಮಧ್ಯಾಹ್ನ ಮೃತ್ಯುಂಜಯ ಅವರೇ ಎಲ್ಲರಿಗೂ ಮೈಸೂರು ಪಾಕು ತರಿಸಿದರು. ರುದ್ರಸ್ವಾಮಿಗೆ ಇನ್ನು ಮೇಲೆ ಜರಡಿಗೆ ಹೂವು ಮಾತ್ರ ಇಡಿ ಎಂದು ನಗುತ್ತಾ ಬೈದರು. ಸೀಸಕ್ಕೆ ಸೀಸದ್ದೇ ಪೂಜೆ ಮಾಡಿದಿರಲ್ಲ ಎಂದು ನಾನೂ ನಕ್ಕೆ. ಪ್ರಯೋಗಾಲಯದ ಪಾಲಿಗೆ ಆ ವಿಷಯ ಅಲ್ಲಿಗೆ ಮುಗಿಯಿತು.

ರುದ್ರಸ್ವಾಮಿ ನಗಲಿಲ್ಲ. ಮೈಸೂರು ಪಾಕಿನ ತುಂಡು ಕೈಯಲ್ಲೇ ಹಿಡಿದುಕೊಂಡು ಗೌತಮಿಯ ಮುಂದೆ ಹೋಗಿ ನಿಂತರು.

"ಕೆಸರಲ್ಲಿ ಅಷ್ಟಿದ್ರೆ ಮರಿ ನಿಲ್ಲಲ್ಲ ಅಂದಿದ್ರಲ್ಲಮ್ಮ," ಎಂದರು. "ಮನೇಲಿದ್ರೆ ಎಂಗೆ?"

ಗೌತಮಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಕುರ್ಚಿ ಎಳೆದು ಅವರನ್ನು ಕೂರಿಸಿದಳು. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಬಸುರಿ ಹೆಂಗಸಿನ ಮೈಯಲ್ಲಿ ಸೀಸ ಸೇರಿದರೆ ಕೂಸಿಗೂ ಹೋಗುತ್ತದೆ, ಬಸಿರು ನಿಲ್ಲದೆಯೂ ಹೋಗಬಹುದು, ಕೈಯ ನರಗಳನ್ನೂ ಹಿಡಿಯುತ್ತದೆ ಎಂದು ಮೆಲ್ಲಗೆ ಹೇಳಿದಳು. ಮೊದಲು ರಕ್ತ ನೋಡಿಸೋಣ ಎಂದಳು. ನಾನು ಬಾಯಲ್ಲಿದ್ದ ಸಿಹಿಯನ್ನು ಹೊರಗೆ ಹೋಗಿ ಉಗಿದೆ.

ಸಕ್ಕರೆ ಕಾಯಿಲೆಯ ಪರೀಕ್ಷೆ ಎಂದು ಹೇಳಿ ದಾಕ್ಷಾಯಣಮ್ಮನ ರಕ್ತ ಕೊಡಿಸಿದರು. ಸೀಸ ಇರಬಾರದಷ್ಟು ಇತ್ತು. ಡಾಕ್ಟರು ಮಣಿಕಟ್ಟನ್ನು ನೋಡಿ, ಆಕೆಯನ್ನು ಹೊರಗೆ ಕೂರಿಸಿದ ಮೇಲೆ ಅದೇ ಎಂದರು, ಮೂತ್ರಪಿಂಡಕ್ಕೂ ಪೆಟ್ಟು ಬಿದ್ದಿದೆ, ಔಷಧಿ ಕೊಟ್ಟರೆ ಸ್ವಲ್ಪ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ ಎಂದರು. ಹಿಂದೆ ಹೋದ ಕೂಸುಗಳಿಗೂ ಇದೇ ಕಾರಣವೇ ಎಂದು ರುದ್ರಸ್ವಾಮಿ ಕೇಳಿದ್ದಕ್ಕೆ, ಇಷ್ಟು ವರ್ಷವಾದ ಮೇಲೆ ಯಾರೂ ಗ್ಯಾರಂಟಿ ಹೇಳಲಾರರು, ಆದರೆ ಇರಬಹುದು, ಹೆಚ್ಚುಕಡಿಮೆ ಇದೇ ಇರಬೇಕು ಎಂದರು.

ಇಷ್ಟು ವರ್ಷ ಯಾವ ಉತ್ತರ ಬೇಕು ಎಂದು ಆ ಮನುಷ್ಯ ಹಂಬಲಿಸಿದ್ದರೋ ಅದು ಈಗ ಅವರ ಕೈಯಲ್ಲಿತ್ತು. ಹೆಂಡತಿಯ ಮುಂದೆ ಕೂತು, ನಿನ್ನ ಪಾಪ ಅಲ್ಲ ಎಂದು ಹೇಳಿಬಿಡಬಹುದಿತ್ತು. ಆದರೆ ಹೇಳುವುದಾದರೂ ಹೇಗೆ? ಪಾಪ ಅಲ್ಲ ಎನ್ನಬೇಕಾದರೆ ಕುಂಕುಮ ಎನ್ನಬೇಕು. ದೇವರ ಕೆಲಸ ಎಂದು ಮಾಡಿದ, ದಿನಾ ಹಣೆಗಿಟ್ಟುಕೊಂಡ, ಕೂಸು ಹೊಟ್ಟೆಯಲ್ಲಿದ್ದಾಗಲೂ ಬಿಡದೆ ಕಟ್ಟಿದ ಕುಂಕುಮ. ವಾರಗಟ್ಟಲೆ ಅವರು ಒದ್ದಾಡಿದರು. ಹೇಳಲೇಬೇಕು, ಅವರ ಮೈ ಅವರದು ಎಂದು ಗೌತಮಿ. ಇರುವಷ್ಟು ದಿನ ನೆಮ್ಮದಿಯಾಗಿರಲಿ, ಮುಚ್ಚಿಟ್ಟುಬಿಡಿ ಎಂದು ನಾನು. ನಾನು ಹಾಗೆ ಹೇಳಿದ್ದು ಅವರ ಮೇಲಿನ ಕನಿಕರದಿಂದಲೇ, ಈಗಲೂ ನನಗೆ ಅದು ತಪ್ಪೆನಿಸುವುದಿಲ್ಲ.

ಅಷ್ಟರಲ್ಲಿ ಕೆಲಸ ನಿಲ್ಲಿಸಬೇಕಿತ್ತಲ್ಲ, ಅಂಗಡಿಯವರು ಇನ್ನು ಮಾಲು ಕೊಡುವುದಿಲ್ಲವಂತೆ ಎಂದು ರುದ್ರಸ್ವಾಮಿ ಮನೆಯಲ್ಲಿ ಸುಳ್ಳು ಹೇಳಿದರು. ಇದ್ದಬದ್ದ ಕುಂಕುಮವನ್ನು ಮೂಟೆ ಕಟ್ಟಿ ನಮ್ಮ ಉಗ್ರಾಣಕ್ಕೆ ತಂದರು. ಸುಳ್ಳು ಹೇಳಿ ಅಭ್ಯಾಸವಿಲ್ಲದವರು, ನಿಭಾಯಿಸಲಾಗಲಿಲ್ಲ. ದಾಕ್ಷಾಯಣಮ್ಮ ನೆಟ್ಟಗೆ ಅಂಗಡಿಗೇ ಹೋಗಿ ವಿಚಾರಿಸಿದರು. ಅಂಗಡಿಯವರು, ಹಾಗೆ ಹೇಳಿದವರಾರು, ನಿಮ್ಮ ಯಜಮಾನರೇ ಬಂದು ಬೇಡ ಎಂದು ಹೋದರು ಎಂದರಂತೆ. ತನ್ನ ಕೈ ಸೋತಿದ್ದಕ್ಕೆ ಗಂಡನಿಗೆ ನಾಚಿಕೆಯಾಗಿದೆ ಎಂದು ಆಕೆ ತಿಳಿದರು. ಮಾತು ಬಿಟ್ಟರು, ಜಡೆ ಹಾಕಲೂ ಗಂಡನಿಗೆ ತಲೆ ಕೊಡಲಿಲ್ಲ.

ಒಬ್ಬನೇ ಹೇಳಲಾರೆ, ಜೊತೆಗೆ ಬನ್ನಿ ಎಂದು ರುದ್ರಸ್ವಾಮಿ ನನ್ನನ್ನೂ ಗೌತಮಿಯನ್ನೂ ಒಂದು ಭಾನುವಾರ ಸಂಜೆ ಮನೆಗೆ ಕರೆದರು. ಅಗ್ರಹಾರದ ಹಳೆಯ ಮನೆ ಅದು, ಹಜಾರದ ನೆಲದ ಗಾರೆಗೆ ಕೂಡ ಕೆಂಪು ಇಳಿದಿತ್ತು. ನಾನು ಆ ನೆಲದ ಮೇಲೆ ಎಷ್ಟೋ ಸಲ ಊಟ ಮಾಡಿದ್ದೆ. ಅವತ್ತು ಅಲ್ಲಿ ಕಾಲಿಡಲು ನನಗೆ ಭಯವಾಯಿತು.

ರುದ್ರಸ್ವಾಮಿ ಶುರು ಮಾಡಿ ಅರ್ಧಕ್ಕೆ ನಿಂತರು. ಮಿಕ್ಕದ್ದನ್ನು ಗೌತಮಿ ಹೇಳಿದಳು, ಜರಡಿಯಿಂದ ಹಿಡಿದು ರಕ್ತದವರೆಗೆ, ಯಾವುದನ್ನೂ ಬಿಡದೆ. ಎಲ್ಲ ಮುಗಿದ ಮೇಲೆ ದಾಕ್ಷಾಯಣಮ್ಮ ಗೌತಮಿಯ ಮಂಡಿಯ ಮೇಲೆ ತಮ್ಮ ಎಡಗೈ ಇಟ್ಟರು.

"ಅಂಗಾರೆ ಆ ಅಳಿಲಿಂದ ಅಲ್ವಾ ಕಣಮ್ಮ?"

ಅಲ್ಲ ಎಂದಳು ಗೌತಮಿ. ಆಕೆ ಗಂಡನ ಕಡೆ ತಿರುಗಿದರು, ಅವರೂ ಅಲ್ಲ ಎಂದರು. ಆಗ ಆ ಮುಖದಲ್ಲಿ ಬಂದ ಹಗುರವನ್ನು ನಾನು ಸಾಯುವವರೆಗೂ ಮರೆಯಲಾರೆ. ಅಷ್ಟು ವಯಸ್ಸಾದ ಹೆಂಗಸು ಮದುವೆಗೆ ಮುಂಚಿನ ಹುಡುಗಿಯಂತೆ ಕಂಡರು. ರುದ್ರಸ್ವಾಮಿ ಗೋಡೆಗೆ ಒರಗಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಮುಚ್ಚಿಡಿ ಎಂದಿದ್ದ ನಾನು ಕೂಡ, ಹೇಳಿದ್ದೇ ಒಳ್ಳೆಯದಾಯಿತು ಎಂದುಕೊಂಡೆ.

ದಾಕ್ಷಾಯಣಮ್ಮ ಇದ್ದಕ್ಕಿದ್ದಂತೆ ಎದ್ದರು. ಪಕ್ಕದ ಮನೆಯ ಶಿಲ್ಪಶ್ರೀ ಬಾಣಂತನಕ್ಕೆಂದು ತವರಿಗೆ ಬಂದಿದ್ದಳು, ಅವಳಿಗೆ ಏಳು ತಿಂಗಳು. ಸೀಮಂತಕ್ಕೆ ಇವರನ್ನು ಕರೆದಿರಲಿಲ್ಲ, ಕುಂಕುಮ ಮಾತ್ರ ಹಿತ್ತಲ ಬಾಗಿಲಿಂದ ತರಿಸಿಕೊಂಡಿದ್ದರು. ದಾಕ್ಷಾಯಣಮ್ಮ ಅಡುಗೆಮನೆಗೆ ಹೋಗಿ ಮುಖ ತೊಳೆದುಕೊಂಡು ಬಂದರು. ಹಣೆ ಬರಿದಾಗಿತ್ತು. ಗಂಡನ ಮುಂದೆ ಆಕೆ ಆ ಹಣೆಯಲ್ಲಿ ಎಂದೂ ನಿಂತವರಲ್ಲ. ರುದ್ರಸ್ವಾಮಿ ಒಂದು ಸಲ ನೋಡಿ, ಚಪ್ಪಲಿ ಮೆಟ್ಟಿ ಅವರ ಹಿಂದೆ ನಡೆದರು. ನಾವೂ ಹೋದೆವು.

ಶಿಲ್ಪಶ್ರೀಯ ತಾಯಿ ಬಾಗಿಲು ತೆಗೆದವರು ಆ ಹಣೆ ನೋಡಿ ಬೆಚ್ಚಿ, ಹಿಂದೆ ರುದ್ರಸ್ವಾಮಿ ಇದ್ದಾರೆಯೇ ಎಂದು ಇಣುಕಿದರು. ದಾಕ್ಷಾಯಣಮ್ಮ ಹೊಸಲು ದಾಟಲಿಲ್ಲ. ಮಗಳು ಆ ಕುಂಕುಮ ಅಳಿಸಿಕೊಳ್ಳಲಿ, ಮನೆಯಲ್ಲಿರುವುದನ್ನೆಲ್ಲ ಬಿಸಾಡಿಬಿಡಿ, ಅದರಲ್ಲಿ ವಿಷವಿದೆ ಎಂದರು. ಕಟ್ಟಿದ್ದು ನಾನೇ, ಗೊತ್ತಿರಲಿಲ್ಲ ಎಂದರು. ಮಕ್ಕಳಿಲ್ಲದವಳು ಮುಸ್ಸಂಜೆಯಲ್ಲಿ ಬಂದು ಬಸುರಿಯ ಕುಂಕುಮ ಅಳಿಸು ಎಂದರೆ ಆ ತಾಯಿಗೆ ಏನಾಗಬೇಡ? ನಾನು ಅವರನ್ನೂ ದೂರಲಾರೆ. ಗೌತಮಿ ಮುಂದೆ ಹೋಗಿ ವಿವರಿಸಲು ನೋಡಿದಳು, ಯಾರು ಕೇಳುತ್ತಾರೆ.

"ನಿನ್ನವಂತೂ ಉಳೀಲಿಲ್ಲ, ನಮ್ದನ್ನ ಯಾಕೆ ಬಂದು ಹಾಳ್ ಮಾಡ್ತೀಯ?" ಎಂದು ಹೇಳಿ ಆಕೆ ಬಾಗಿಲು ಹಾಕಿಕೊಂಡರು.

ದಾಕ್ಷಾಯಣಮ್ಮ ಅಲ್ಲಿಂದ ಕದಲಲಿಲ್ಲ. ಮುಚ್ಚಿದ ಬಾಗಿಲಿಗೇ ಅದೇ ಮಾತನ್ನು ಮತ್ತೆ ಮತ್ತೆ ಹೇಳಿದರು, ಗಂಟಲು ಕಟ್ಟುವವರೆಗೆ. ಕೊನೆಗೆ ರುದ್ರಸ್ವಾಮಿ ಜೋತುಬಿದ್ದ ಆ ಕೈ ಹಿಡಿದು ಕರೆತಂದರು. ಒಳಗೆ ಶಿಲ್ಪಶ್ರೀ ಏನು ಮಾಡಿದಳೋ ನಮಗೆ ತಿಳಿಯಲಿಲ್ಲ. ಆ ವಾರವೇ ಅವಳನ್ನು ಬೇರೆ ಊರಿನ ಚಿಕ್ಕಮ್ಮನ ಮನೆಗೆ ಕಳಿಸಿಬಿಟ್ಟರು.

ಮರುದಿನದಿಂದ ಶುರುವಾಯಿತು. ಕೆಲಸ ಮುಗಿಸಿ ರುದ್ರಸ್ವಾಮಿ ಮನೆಗೆ ಹೋದ ಕೂಡಲೇ ಇಬ್ಬರೂ ಹೊರಡುತ್ತಿದ್ದರು. ಅಗ್ರಹಾರದ ಓಣಿಗಳು, ಅಲ್ಲಿಂದ ಚಾಮರಾಜಪುರಂ, ದೇವಸ್ಥಾನದ ಮುಂದಿನ ಅಂಗಡಿಗಳು, ಬಳೆಯವರು, ಮದುವೆ ಛತ್ರಗಳು. ಕೆಲವರು ಕೇಳಿದರು, ಬಿಸಾಡಿದರು. ಬಹಳ ಜನ ತಲೆ ಕೆಟ್ಟಿದೆ ಎಂದರು. ಸಗಟು ಅಂಗಡಿಯವರು ಮೊದಲು ಜಗಳಕ್ಕೆ ಬಂದರು, ಆಮೇಲೆ ನಾವೂ ತರಿಸೋದು ಬೇರೆ ಕಡೆಯಿಂದ, ನಮಗೇನು ಗೊತ್ತು ಎಂದರು. ಅದು ನಿಜವೂ ಇರಬಹುದು. ಗೌತಮಿ ಬರೆದ ದೂರಿಗೆ ಯಾರೋ ಬಂದು ಮಾದರಿ ತೆಗೆದುಕೊಂಡು ಹೋದರು, ಉತ್ತರ ಇನ್ನೂ ಬಂದಿಲ್ಲ. ಅಳಿವೆಯ ಕೆಸರಿನಲ್ಲಿ ಸೀಸ ಸಿಕ್ಕಿತು ಎಂದಾಗ ನಿಂತಲ್ಲಿ ನಿಲ್ಲದೆ ಓಡಾಡಿದ ನಮ್ಮ ಮೃತ್ಯುಂಜಯ ಅವರು, ಕುಂಕುಮ ನಮ್ಮ ಸಂಸ್ಥೆಯ ವಿಷಯವಲ್ಲ ಎಂದು ಹೇಳಿ ಸುಮ್ಮನಾದರು. ನನಗೆ ಅವತ್ತು ಬಂದ ಸಿಟ್ಟು ಇವತ್ತೂ ಇಳಿದಿಲ್ಲ.

ಔಷಧಿಯಿಂದ ದಾಕ್ಷಾಯಣಮ್ಮನ ಕೈ ಸ್ವಲ್ಪ ಎದ್ದಿದೆ. ಅಳಿಲಿನ ಮಾತು ಅವರು ಮತ್ತೆ ಎತ್ತಿಲ್ಲ, ಸೋಮವಾರದ ಒಪ್ಪತ್ತನ್ನೂ ಬಿಟ್ಟರು. ರುದ್ರಸ್ವಾಮಿ ಜೀವನವಿಡೀ ಬೇಡಿದ್ದು ಅಷ್ಟೇ, ಅದು ಸಿಕ್ಕಿತು. ಸಿಕ್ಕಿದ ಮೇಲೆ ಅವರು ನಗುವುದನ್ನು ನಾನು ನೋಡಿಲ್ಲ.

ಕಳೆದ ತಿಂಗಳು ಸಂಜೆ ನಾನು ಹೋದಾಗ ಇಬ್ಬರೂ ತಿರುಗಾಡಿ ಬಂದು ಜಗುಲಿಯ ಮೇಲೆ ಕೂತಿದ್ದರು. ಶುಕ್ರವಾರ, ಓಣಿಯ ತುಂಬ ಹೆಂಗಸರು ದೇವಸ್ಥಾನಕ್ಕೆ ಹೋಗುತ್ತಿದ್ದರು. ದಾಕ್ಷಾಯಣಮ್ಮ ಒಬ್ಬೊಬ್ಬರ ಹಣೆಯನ್ನೂ ನೋಡುತ್ತಿದ್ದರು, ಒಬ್ಬೊಬ್ಬರ ಹೊಟ್ಟೆಯನ್ನೂ ನೋಡುತ್ತಿದ್ದರು. ಇನ್ನು ಸಾಕು, ಮೈಗೆ ವಿಶ್ರಾಂತಿ ಬೇಕು ಎಂದು ನಾನು ಗದರಿದೆ. ಹೇಳುವವರಿಗೆಲ್ಲ ಹೇಳಿ ಆಯಿತಲ್ಲ ಎಂದೆ.

"ಆಗ ನಂಗೆ ಹೋದ ಕೂಸು ಮೂರು ಅಂತ ಗೊತ್ತಿತ್ತು ವಿಜಯಣ್ಣ," ಎಂದರು. "ಅತ್ಕೊಂಡು ಇದ್ಬುಟ್ಟಿದ್ದೆ. ಈಗ ಎಷ್ಟು ಅಂತ ಯಾರ್ನ ಕೇಳ್ಲಿ?"